ನಡುಮನೆಯಲ್ಲಿ ಅಡಗಿದ ಚುಂಬಕ

ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ಮುಂಜಾನೆ ಶುರುವಾದರೆ ರಾತ್ರಿಯವರೆಗೂ ನಿಲ್ಲುವುದಿಲ್ಲ. ಒಂದೊಂದು ಪವರ್‌ಲೂಮಿನ ಬುಡದಲ್ಲಿ ಒಂದೊಂದು ಮೋಟಾರು. ಅದು ಸುಟ್ಟರೆ ಬಿಚ್ಚಿಕೊಂಡು ವೈಂಡಿಂಗ್ ಅಂಗಡಿಗೆ ಒಯ್ಯಬೇಕು. ಎತ್ತಲು ಎರಡೂ ಕೈ ಬೇಕು, ಅಷ್ಟು ಭಾರ. ಅದರ ಬಲ ಮಾತ್ರ ಒಂದು ಎಚ್‌ಪಿ ಆಸುಪಾಸು. ಈಚೆಗೆ ಅದೇ ಅಂಗಡಿಗೆ ಬ್ಯಾಟರಿ ಸ್ಕೂಟರಿನ ಮೋಟಾರುಗಳೂ ಬರತೊಡಗಿವೆ. ಇಬ್ಬರನ್ನು ಹೊತ್ತು ಜಮಖಂಡಿಯಿಂದ ಮುಧೋಳಕ್ಕೆ ಓಡುವ ಸ್ಕೂಟರಿನ ಮೋಟಾರು ಬೇಕೆಂದಾಗ ಏಳೆಂಟು ಎಚ್‌ಪಿ ಬಲ ಕೊಡಬಲ್ಲದು. ಗಾತ್ರದಲ್ಲಿ ಅದು ಮಗ್ಗದ ಮೋಟಾರಿಗೆ ಸಮನಲ್ಲ, ಸಣ್ಣದು.

ಇದು ಹೇಗೆ ಎಂದು ನಾನು ಕೇಳಿದಾಗ ವೈಂಡಿಂಗ್ ಮಾಡುವವರು ಕೈಯಲ್ಲಿದ್ದ ತಂತಿ ಕೆಳಗಿಟ್ಟರು. “ಮಗ್ಗದ ಮೋಟಾರಿನ್ಯಾಗ ಬರೇ ತಾಮ್ರ, ಕಬ್ಬಿಣ ರೀ. ಇದರಾಗ ಮ್ಯಾಗ್ನೆಟ್ ಅದಾವ. ಬೆರಳು ನಡುವ ಸಿಕ್ತಂದ್ರ ರಕ್ತ ಬರ್ತದ” ಎಂದು ಬೆಳ್ಳಿ ಬಣ್ಣದ ಒಂದು ತುಂಡನ್ನು ತೋರಿಸಿದರು. ಬಿಸ್ಕತ್ತಿನ ಅರ್ಧದಷ್ಟೂ ಇರಲಿಲ್ಲ. ಮೂಲೆಯಲ್ಲಿದ್ದ ಸ್ಪಾನರು ತಾನಾಗಿ ಜಾರಿ ಬಂದು ಅದಕ್ಕೆ ಅಂಟಿತು.

ಹಳೆಯ ರೇಡಿಯೊದ ಸ್ಪೀಕರ್ ಒಡೆದು ಕರಿ ಬಳೆಯಂಥ ಚುಂಬಕ ತೆಗೆದು ಆಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನು ಕೃಷ್ಣೆಯ ಉಸುಕಿನಲ್ಲಿ ಎಳೆದರೆ ಕರಿ ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತಿತ್ತು. ಅಷ್ಟು ದೊಡ್ಡ ಬಳೆಗೆ ಇಲ್ಲದ ಕಸುವು ಈ ಸಣ್ಣ ತುಂಡಿಗೆ ಎಲ್ಲಿಂದ ಬಂತು? ಈ ಪ್ರಶ್ನೆ ಬೆನ್ನು ಹತ್ತಿ ಹೋದರೆ ತಿರುವಾಂಕೂರಿನ ಕಡಲ ದಂಡೆ, ವಿಯೆನ್ನಾದ ಒಂದು ಪ್ರಯೋಗಶಾಲೆ, ಚೀನಾದ ಒಂದು ಸರ್ಕಾರಿ ಆದೇಶ ಇವೆಲ್ಲ ಒಂದೇ ದಾರಿಯಲ್ಲಿ ಸಿಗುತ್ತವೆ.

ಗ್ಯಾಸಬತ್ತಿಯ ಬೆಳಕು

ಆ ತುಂಡಿನಲ್ಲಿ ಕಬ್ಬಿಣದ ಜೊತೆ ನಿಯೋಡಿಮಿಯಮ್ ಎಂಬ ಲೋಹವಿದೆ. ಇಂಥ 17 ಲೋಹಗಳ ಬಳಗಕ್ಕೆ ಜಗತ್ತು ರೇರ್ ಅರ್ಥ್ ಎನ್ನುತ್ತದೆ. ನಾವು ವಿರಳ ಲೋಹಗಳೆನ್ನೋಣ. ಹೆಸರು ಹೊಸದೆನಿಸಬಹುದು, ಆದರೆ ನಮ್ಮ ಹಿರಿಯರು ಇವುಗಳ ಬೆಳಕಿನಲ್ಲೇ ರಾತ್ರಿ ಕಳೆದವರು. ಕರೆಂಟ್ ಬರುವ ಮೊದಲು ಬೀಳಗಿ, ಮುಧೋಳ ಸೀಮೆಯ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಗ್ಯಾಸಬತ್ತಿಯೇ ಬೇಕಿತ್ತು. ಬತ್ತಿಯೊಳಗೆ ಕಟ್ಟುವ ಬಟ್ಟೆಯ ಪುಟ್ಟ ಚೀಲ, ಅಂದರೆ ಮ್ಯಾಂಟಲ್, ಮೊದಲ ಉರಿಗೇ ಸುಟ್ಟು ಬೂದಿಯಾಗುತ್ತದೆ. ಆ ಬೂದಿಯ ಜಾಲರಿಯೇ ಆಮೇಲೆ ಹಾಲಿನಂತೆ ಬೆಳಗುವುದು. ಕೈ ತಾಗಿದರೆ ಉದುರಿಹೋಗುವ ಆ ಜಾಲರಿಯ ನೂರು ಪಾಲಿನಲ್ಲಿ 99 ಪಾಲು ಥೋರಿಯಂ ಭಸ್ಮ (ಆಕ್ಸೈಡ್), ಒಂದು ಪಾಲು ಸೀರಿಯಂ ಭಸ್ಮ. ಸೀರಿಯಂ ವಿರಳ ಲೋಹಗಳಲ್ಲಿ ಒಂದು. ಆ ಒಂದು ಪಾಲು ಇಲ್ಲದಿದ್ದರೆ ಬೆಳಕು ಮಂಕು.

1891ರಲ್ಲಿ ಈ ಹದವನ್ನು ಕಂಡುಕೊಂಡವರು ಆಸ್ಟ್ರಿಯಾದ ಕಾರ್ಲ್ ಆವರ್ ಫೊನ್ ವೆಲ್ಸ್‌ಬಾಖ್. ಲೈಟರಿನಲ್ಲಿ ಕಿಡಿ ಹಾರಿಸುವ ಕಲ್ಲೂ ಅವರದೇ, ಅದೂ ಸೀರಿಯಂ ಬೆರೆತ ಕಬ್ಬಿಣ. ಇವೆರಡಕ್ಕಿಂತ ದೊಡ್ಡದಾದ ಇನ್ನೊಂದು ಕೆಲಸವನ್ನು ಅವರು 1885ರಲ್ಲೇ ಮಾಡಿದ್ದರು. ಆಗ ಡಿಡಿಮಿಯಮ್ ಎಂಬ ಒಂದು ಲೋಹವಿದೆ ಎಂದು ಎಲ್ಲರೂ ನಂಬಿದ್ದರು. ಗ್ರೀಕಿನಲ್ಲಿ ಆ ಹೆಸರಿಗೆ ಅವಳಿ ಎಂದರ್ಥ. ವೆಲ್ಸ್‌ಬಾಖ್ ಅದನ್ನು ಮತ್ತೆ ಮತ್ತೆ ಹರಳುಗಟ್ಟಿಸಿ, ಅದು ಒಂದಲ್ಲ ಎರಡು ಎಂದು ತೋರಿಸಿದರು. ಒಂದು ಹಸಿರು ಛಾಯೆಯ ಲವಣ ಕೊಡುವ ಪ್ರೇಸಿಯೋಡಿಮಿಯಮ್, ಇನ್ನೊಂದು ನೇರಳೆ ಛಾಯೆಯ ನಿಯೋಡಿಮಿಯಮ್. ಇಂದು ಸ್ಕೂಟರಿನ ಚುಂಬಕದಲ್ಲಿರುವುದು ಇದೇ ಜೋಡಿ.

ಮ್ಯಾಂಟಲಿಗೆ ಬೇಕಾದ ಥೋರಿಯಂ ಹುಡುಕಿ ಯುರೋಪಿನವರು ಎಲ್ಲೆಲ್ಲೋ ಅಲೆಯುತ್ತಿದ್ದ ಕಾಲವದು. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಉಸುಕಿನಲ್ಲಿ ಜೇನುಬಣ್ಣದ ಕಾಳುಗಳು ಕಂಡವು. 1909ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಶೋಂಬರ್ಗ್ ಆ ಜಾಡು ಹಿಡಿದು ಮಣವಾಳಕುರಿಚಿಯ ಕಡಲ ದಂಡೆಗೆ ಬಂದರು. ಆ ಕಾಳೇ ಮೊನಜೈಟ್. ಥೋರಿಯಂ ಮತ್ತು ವಿರಳ ಲೋಹಗಳು ಅದರಲ್ಲಿ ಒಟ್ಟಿಗೇ ಇವೆ.

ಕಡಲಿನ ಮೊರ

ಕೃಷ್ಣೆಯ ಉಸುಕಿನಲ್ಲಿ ಚುಂಬಕಕ್ಕೆ ಅಂಟುತ್ತಿದ್ದ ಕರಿ ಪುಡಿಯೂ ಇಂಥದೇ ಒಂದು ಕತೆ ಹೇಳುತ್ತದೆ. ಹೊಳೆಯ ಮೇಲುದಾರಿಯ ತುಂಬ ಕರಿಗಲ್ಲು, ಅಂದರೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿದ ಕಲ್ಲು. ಮಳೆ ಬಿಸಿಲಿಗೆ ಅದು ಸವೆದು ಪುಡಿಯಾಗುವಾಗ ಒಳಗಿನ ಕಬ್ಬಿಣದ ಕಾಳುಗಳು ಬಿಡುಗಡೆಯಾಗುತ್ತವೆ. ನೀರು ಹಗುರಾದುದನ್ನು ಮುಂದೆ ಒಯ್ದು, ಭಾರವಾದುದನ್ನು ಮಡುವಿನ ಅಂಚಿನಲ್ಲಿ ಬಿಟ್ಟುಹೋಗುತ್ತದೆ. ಕಣದಲ್ಲಿ ಜೋಳದ ರಾಶಿ ತೂರುವಾಗ ಹೊಟ್ಟು ಹಾರಿ ಕಾಳು ಕಾಲಬುಡದಲ್ಲಿ ಬೀಳುವಂತೆ.

ಕೇರಳ, ತಮಿಳುನಾಡು, ಆಂಧ್ರ, ಒಡಿಶಾದ ದಂಡೆಗಳಲ್ಲಿ ಕಡಲು ಇದೇ ಕೆಲಸವನ್ನು ಲಕ್ಷಾಂತರ ವರ್ಷ ಮಾಡಿದೆ. ಅಲ್ಲಿನ ಬೆಟ್ಟಗಳು ಬೇರೆ ಜಾತಿಯ, ಬಲು ಹಳೆಯ ಕಲ್ಲು. ಅದರಲ್ಲಿ ಮೊನಜೈಟ್ ಚೂರುಚೂರಾಗಿ ಹರಡಿದೆ. ಹೊಳೆಗಳು ಅದನ್ನು ಕಡಲಿಗೆ ತಂದವು. ಸಾಮಾನ್ಯ ಉಸುಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರವಾದ ಕಾಳನ್ನು ಅಲೆಗಳು ದಂಡೆಯ ಮೇಲೆ ಕೇರಿ ಕೇರಿ ಗುಡ್ಡೆಹಾಕಿದವು. ನಮ್ಮ ಕರಿಗಲ್ಲಿನಲ್ಲಾಗಲಿ, ಮುಧೋಳ-ಲೋಕಾಪುರದ ಸುಣ್ಣಗಲ್ಲಿನಲ್ಲಾಗಲಿ ಆ ಕಾಳಿನ ಗಣಿ ಸಿಗುವುದಿಲ್ಲ. ಸುಣ್ಣಗಲ್ಲು ನೂರು ಕೋಟಿ ವರ್ಷಕ್ಕೂ ಹಿಂದಿನ ಕಡಲ ತಳದಲ್ಲಿ ಕೂತ ಕಲ್ಲು, ಅದರ ಹುಟ್ಟೇ ಬೇರೆ.

ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜಿನಂತೆ ಭಾರತದಲ್ಲಿ 1 ಕೋಟಿ 31 ಲಕ್ಷ ಟನ್ ಮೊನಜೈಟ್ ಇದೆ. ಅದರೊಳಗಿನ ವಿರಳ ಲೋಹಗಳ ಭಸ್ಮ 72 ಲಕ್ಷ ಟನ್. ಎಂಟು ರಾಜ್ಯಗಳ ಆ ಪಟ್ಟಿಯಲ್ಲಿ ಕರ್ನಾಟಕವಿಲ್ಲ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಲೆಕ್ಕ ತುಸು ಬೇರೆ, ಭಾರತಕ್ಕೆ 69 ಲಕ್ಷ ಟನ್. ಆದರೂ ಚೀನಾದ 4.4 ಕೋಟಿ, ಬ್ರೆಜಿಲ್‌ನ 2.1 ಕೋಟಿ ಟನ್‌ಗಳ ನಂತರ ಮೂರನೆಯ ಸ್ಥಾನ ನಮ್ಮದೇ. ಇಷ್ಟಿದ್ದೂ 2024ರಲ್ಲಿ ಜಗತ್ತು ತೆಗೆದ 3.9 ಲಕ್ಷ ಟನ್‌ನಲ್ಲಿ ನಮ್ಮ ಪಾಲು ಕೇವಲ 2,900 ಟನ್. ನೂರರಲ್ಲಿ ಒಂದೂ ಇಲ್ಲ. ಚೀನಾ ತೆಗೆದದ್ದು 2.7 ಲಕ್ಷ ಟನ್.

ವಿರಳ ಎಂಬ ಹೆಸರೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಭೂಮಿಯ ತೊಗಟೆಯಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ, ನಿಯೋಡಿಮಿಯಮ್ ಸೀಸಕ್ಕಿಂತ ಹೆಚ್ಚಿದೆ. ಲೋಹ ವಿರಳವಲ್ಲ, ಅದನ್ನು ಒಂಟಿಯಾಗಿ ಕಾಣುವುದು ವಿರಳ. ಈ ಹದಿನೇಳೂ ಒಂದನ್ನೊಂದು ಬಿಟ್ಟಿರಲು ಒಪ್ಪುವುದಿಲ್ಲ. ಏಕೆಂದು ತಿಳಿಯಬೇಕಾದರೆ ಪರಮಾಣುವಿನ ಮನೆಯೊಳಗೆ ಹೋಗಬೇಕು.

ಒಂದೇ ಪಡಸಾಲೆಯ ಹದಿನೈದು ಮನೆ

ನಮ್ಮ ಕಡೆಯ ಹಳೆಯ ಮನೆ ನೆನೆಸಿಕೊಳ್ಳಿ. ಮುಂದೆ ಪಡಸಾಲೆ, ಅದನ್ನು ದಾಟಿದರೆ ನಡುಮನೆ. ಹೊರಗಿನಿಂದ ಬಂದವರು ಕೂಡುವುದು, ವ್ಯವಹಾರ ಮಾತಾಡುವುದು, ಕೊಡುಕೊಳ್ಳುವುದು ಎಲ್ಲ ಪಡಸಾಲೆಯಲ್ಲಿ. ನಡುಮನೆಯಲ್ಲಿ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಎಂಬುದು ಬಂದವರಿಗೆ ತಿಳಿಯುವುದಿಲ್ಲ.

ಪರಮಾಣುವೂ ಇಂಥದೊಂದು ಮನೆ. ಅದರ ಮಂದಿ ಎಲೆಕ್ಟ್ರಾನುಗಳು. ರಾಸಾಯನಿಕ ಕ್ರಿಯೆ ಎನ್ನುವುದೆಲ್ಲ ಪಡಸಾಲೆಯಲ್ಲಿ ಕೂತ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ. ಕಬ್ಬಿಣದಿಂದ ತಾಮ್ರಕ್ಕೆ, ತಾಮ್ರದಿಂದ ಸತುವಿಗೆ ಹೋದರೆ ಪಡಸಾಲೆಯ ಮಂದಿ ಬದಲಾಗುತ್ತಾರೆ. ಅದಕ್ಕೇ ಒಂದು ತುಕ್ಕು ಹಿಡಿಯುತ್ತದೆ, ಇನ್ನೊಂದು ಹಸಿರಾಗುತ್ತದೆ, ಬೇರ್ಪಡಿಸುವುದೂ ಸುಲಭ. ವಿರಳ ಲೋಹಗಳಲ್ಲಿ ಹಾಗಲ್ಲ. ಲ್ಯಾಂಥನಂನಿಂದ ಲುಟೇಶಿಯಂವರೆಗಿನ ಹದಿನೈದು ಮನೆಗಳ ಸಾಲಿನಲ್ಲಿ ಒಂದೊಂದು ಮನೆ ಮುಂದೆ ಹೋದಂತೆ ಒಂದೊಂದು ಎಲೆಕ್ಟ್ರಾನ್ ಹೆಚ್ಚಾಗುತ್ತದೆ, ಆದರೆ ಅದು ಪಡಸಾಲೆಯಲ್ಲಿ ಕೂಡದೆ ನೇರ ನಡುಮನೆ ಸೇರುತ್ತದೆ. ಹದಿನೈದೂ ಪಡಸಾಲೆಗಳು ಒಂದೇ ತೆರ. ಆ್ಯಸಿಡ್ ಬಂದು ಬಾಗಿಲು ತಟ್ಟಿದರೆ ಹದಿನೈದು ಮನೆಯವರೂ ಮೂರು ಮೂರು ಎಲೆಕ್ಟ್ರಾನ್ ಕೊಟ್ಟು ಒಂದೇ ಮಾತು ಆಡಿ ಕಳಿಸುತ್ತಾರೆ. ಬಂದ ಆ್ಯಸಿಡ್ಡಿಗೆ ಇದು ನಿಯೋಡಿಮಿಯಮ್ ಮನೆಯೋ ಸೀರಿಯಂ ಮನೆಯೋ ಗುರುತಾಗುವುದೇ ಇಲ್ಲ. ಹದಿನೇಳರಲ್ಲಿ ಉಳಿದೆರಡು, ಸ್ಕ್ಯಾಂಡಿಯಂ ಮತ್ತು ಇಟ್ರಿಯಂ, ಇದೇ ಸಾಲಿನ ನೆಂಟರು.

ಇನ್ನು ಚುಂಬಕದ ಮಾತು. ಪ್ರತಿ ಎಲೆಕ್ಟ್ರಾನೂ ತಾನೇ ಒಂದು ಅತಿ ಸಣ್ಣ ಚುಂಬಕ. ಸಾಮಾನ್ಯವಾಗಿ ಎರಡೆರಡು ಎಲೆಕ್ಟ್ರಾನುಗಳು ಒಂದಕ್ಕೊಂದು ತಿರುಗಿ ಕೂತು ತಮ್ಮ ಬಲ ಅಳಿಸಿಕೊಳ್ಳುತ್ತವೆ. ಜೊತೆ ಸಿಗದ ಒಂಟಿಗಳಷ್ಟೇ ಬಲ ಉಳಿಸಿಕೊಳ್ಳುವುದು. ವಿರಳ ಲೋಹಗಳ ನಡುಮನೆಯಲ್ಲಿ ಇಂಥ ಒಂಟಿಗಳು ಹಲವು. ಹೊರಗಿನ ಗದ್ದಲ ಅಲ್ಲಿಗೆ ತಲುಪುವುದಿಲ್ಲವಾದ್ದರಿಂದ ಅವು ತಮ್ಮದೇ ಭಂಗಿ ಉಳಿಸಿಕೊಂಡಿರುತ್ತವೆ. ಬೇರ್ಪಡಿಸುವವರ ಕಣ್ಣಿಗೆ ಬೀಳದಂತೆ ಅಡಗಿದ್ದು ಯಾವುದೋ, ಚುಂಬಕಕ್ಕೆ ಕಸುವು ಕೊಡುವುದೂ ಅದೇ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸುಂದರವಾಗಿ ಕಂಡದ್ದು ಇದು. ಮುಂದೆ ಬರುವ ರಾಜಕೀಯವೆಲ್ಲ ಹುಟ್ಟುವುದೂ ಇಲ್ಲಿಂದಲೇ.

ರೊಟ್ಟಿ ಮತ್ತು ಉಂಡಿ

ಹಾಗಾದರೆ ಬರೀ ನಿಯೋಡಿಮಿಯಮ್ಮಿನಿಂದಲೇ ಚುಂಬಕ ಮಾಡಬಹುದೇ? ಆಗದು. ನಡುಮನೆಯಲ್ಲಿ ಕೂತವರು ನೆರೆಮನೆಯವರ ಜೊತೆ ಮಾತಾಡುವುದು ಕಡಿಮೆ. ಕೋಟಿ ಕೋಟಿ ಪರಮಾಣುಗಳು ಒಂದೇ ಕಡೆ ಮುಖ ಮಾಡಿ ನಿಲ್ಲಬೇಕಾದರೆ ಮಾತುಕತೆ ಬೇಕು. ಕಬ್ಬಿಣ ಅದರಲ್ಲಿ ಗಟ್ಟಿ, ಅದರ ಒಂಟಿ ಎಲೆಕ್ಟ್ರಾನುಗಳು ನೆರೆಯವರೊಂದಿಗೆ ಕೂಡಿ ಬೇಗ ಸಾಲಾಗಿ ನಿಲ್ಲುತ್ತವೆ. ಆದರೆ ಕಬ್ಬಿಣಕ್ಕೆ ಹಟವಿಲ್ಲ. ಹೊರಗಿನ ಬಲ ಈ ಕಡೆ ಎಳೆದರೆ ಈ ಕಡೆ, ಆ ಕಡೆ ಎಳೆದರೆ ಆ ಕಡೆ ತಿರುಗಿಬಿಡುತ್ತದೆ. ಮೋಟಾರಿನೊಳಗೆ ತಂತಿ ಸುರುಳಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸಿ ಎಳೆಯುವಾಗ ಇಂಥ ಚುಂಬಕ ತನ್ನತನ ಕಳೆದುಕೊಳ್ಳುತ್ತದೆ.

ಹಟ ಕೊಡುವುದು ನಿಯೋಡಿಮಿಯಮ್. ಅದರ ನಡುಮನೆಯ ಎಲೆಕ್ಟ್ರಾನ್ ಮೋಡ ಉಂಡಿಯಂತೆ ದುಂಡಗಿಲ್ಲ, ತಟ್ಟಿದ ಜೋಳದ ರೊಟ್ಟಿಯಂತೆ ಚಪ್ಪಟೆ. ಬುಟ್ಟಿಯಲ್ಲಿ ಶೇಂಗಾ ಉಂಡಿ ಹೇಗಿಟ್ಟರೂ ಒಂದೇ, ಉರುಳುತ್ತದೆ. ರೊಟ್ಟಿಗಳ ಅಟ್ಟಿಯ ನಡುವಿನ ಒಂದು ರೊಟ್ಟಿಯನ್ನು ಅಡ್ಡ ನಿಲ್ಲಿಸಿ ನೋಡಿ, ಸುತ್ತಲಿನವು ಬಿಡುವುದಿಲ್ಲ. ಹರಳಿನೊಳಗೆ ಸುತ್ತಲಿನ ಪರಮಾಣುಗಳ ನಡುವೆ ನಿಯೋಡಿಮಿಯಮ್ಮಿನ ಮೋಡ ಹೀಗೆ ಒಂದೇ ಮಗ್ಗುಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೋಡದ ಮಗ್ಗುಲಿಗೂ ಚುಂಬಕದ ದಿಕ್ಕಿಗೂ ಗಂಟು ಬಿದ್ದಿರುವುದರಿಂದ ದಿಕ್ಕು ಬೀಗ ಹಾಕಿದಂತೆ ನಿಲ್ಲುತ್ತದೆ. ಪಕ್ಕದ ಕಬ್ಬಿಣವನ್ನೂ ಅದು ತನ್ನ ದಿಕ್ಕಿಗೆ ಹಿಡಿದಿಡುತ್ತದೆ. ಕಬ್ಬಿಣ ಎತ್ತುಗಳಂತೆ ಎಳೆಯುತ್ತದೆ, ನಿಯೋಡಿಮಿಯಮ್ ನೊಗದಂತೆ ಸಾಲು ತಪ್ಪಗೊಡುವುದಿಲ್ಲ. 1983ರಲ್ಲಿ ಜಪಾನಿನ ಮಸಾತೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಪ್ರಕಟಿಸಿದ ಹದ ಇದು: ಹದಿನಾಲ್ಕು ಕಬ್ಬಿಣದ ಪರಮಾಣುಗಳಿಗೆ ಎರಡು ನಿಯೋಡಿಮಿಯಮ್, ಒಂದು ಬೋರಾನ್.

ಮಗ್ಗದ ಮೋಟಾರಿನಲ್ಲಿ ತಿರುಗುವ ಗಡ್ಡೆಯನ್ನು ಚುಂಬಕವಾಗಿಸಲು ಕರೆಂಟನ್ನೇ ಖರ್ಚು ಮಾಡಬೇಕು. ಸ್ಕೂಟರಿನಲ್ಲಿ ಚುಂಬಕ ಮೊದಲೇ ಸಿದ್ಧವಿದೆ. ಹಗುರ ಮೈಗೆ ಹೆಚ್ಚು ಬಲ ಬಂದದ್ದು ಹೀಗೆ.

ಒಂದು ತೊಡಕಿದೆ. ಸಾದಾ ನಿಯೋಡಿಮಿಯಮ್ ಚುಂಬಕ 80 ಡಿಗ್ರಿ ಬಿಸಿ ದಾಟಿದರೆ ಹಟ ಸಡಿಲಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಏರು ಹತ್ತುವ ಗಾಡಿಯ ಮೋಟಾರು ಅದಕ್ಕಿಂತ ಕಾಯುತ್ತದೆ. ಆಗ ನೆರವಿಗೆ ಬರುವುದು ಡಿಸ್ಪ್ರೋಸಿಯಂ. ಅದೂ ಇದೇ ಸಾಲಿನ ಮನೆ, ಅದರ ರೊಟ್ಟಿ ಇನ್ನೂ ಚಪ್ಪಟೆ, ಇನ್ನೂ ಬಿಗಿ. ಚಿಟಿಕೆಯಷ್ಟು ಬೆರೆಸಿದರೆ ಬಿಸಿಯಲ್ಲೂ ಬೀಗ ಬಿಚ್ಚುವುದಿಲ್ಲ.

ರಿಕವರಿ ಎಷ್ಟು?

ಕಬ್ಬು ಬೆಳೆಯುವ ನಮ್ಮ ತಾಲ್ಲೂಕುಗಳಲ್ಲಿ ಈ ಪ್ರಶ್ನೆಯ ಅರ್ಥ ಮಕ್ಕಳಿಗೂ ಗೊತ್ತು. ನೂರು ಟನ್ ಕಬ್ಬು ನುರಿಸಿದರೆ ಸಕ್ಕರೆ ಹತ್ತು-ಹನ್ನೊಂದು ಟನ್. ದರ ನಿಲ್ಲುವುದು ಆ ಹತ್ತು-ಹನ್ನೊಂದರ ಮೇಲೆ. ಹಾಗೆಯೇ ನಮ್ಮ ಮೊನಜೈಟಿನ ರಿಕವರಿ ಕೇಳೋಣ. ನೂರು ಕೆಜಿ ಮೊನಜೈಟಿನಲ್ಲಿ ವಿರಳ ಲೋಹಗಳ ಭಸ್ಮ ಸುಮಾರು 55 ಕೆಜಿ. ಅದರಲ್ಲಿ ಬಹುಪಾಲು ಸೀರಿಯಂ, ಲ್ಯಾಂಥನಂ. ನಿಯೋಡಿಮಿಯಮ್ ಹತ್ತು ಕೆಜಿ ಆಸುಪಾಸು. ಡಿಸ್ಪ್ರೋಸಿಯಂ ಅರ್ಧ ಕೆಜಿಯೂ ಇಲ್ಲ. ಜೊತೆಗೆ ಬೇಡವೆಂದರೂ ಬರುವ ಥೋರಿಯಂ ಎಂಟು-ಒಂಬತ್ತು ಕೆಜಿ. ಅದು ವಿಕಿರಣ ಸೂಸುವ ವಸ್ತು, ಆದ್ದರಿಂದ ಮೊನಜೈಟ್ ಪರಮಾಣು ಕಾಯ್ದೆಯ ಕಾವಲಿನಲ್ಲಿದೆ. ಬೇಕಾದವರು ಹೋಗಿ ಉಸುಕು ತುಂಬಿ ತರುವಂತಿಲ್ಲ. ಮೂರನೆಯ ಸ್ಥಾನದ ಹೆಮ್ಮೆಯ ಒಳಗಿರುವ ಲೆಕ್ಕ ಇದು.

ಇನ್ನು ಬಿಡಿಸುವ ಕೆಲಸ. ಹದಿನೈದು ಪಡಸಾಲೆಗಳು ಒಂದೇ ತೆರ ಎಂದೆವಲ್ಲ, ಒಂದೇ ಒಂದು ಸಣ್ಣ ಭೇದವಿದೆ. ಸಾಲಿನಲ್ಲಿ ಮುಂದೆ ಹೋದಂತೆ ಮನೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ಮೊದಲ ಮನೆಗೂ ಕೊನೆಯ ಮನೆಗೂ ನೂರಕ್ಕೆ ಹದಿನೈದರಷ್ಟು ಅಂತರ, ಅಕ್ಕಪಕ್ಕದ ಎರಡು ಮನೆಗಳ ನಡುವೆ ಒಂದರಷ್ಟು. ಹಿಂದೆ ಈ ಭೇದವನ್ನು ಹಿಡಿಯಲು ಸಕ್ಕರೆ ಕಾರ್ಖಾನೆಯ ದಾರಿಯೇ ಗತಿ: ಕರಗಿಸು, ಹರಳುಗಟ್ಟಿಸು, ಉಳಿದ ರಸವನ್ನು ಮತ್ತೆ ಹರಳುಗಟ್ಟಿಸು. ಕಾರ್ಖಾನೆಯಲ್ಲಿ ಮೂರು ಸಲಕ್ಕೆ ಕೆಲಸ ಮುಗಿಯುತ್ತದೆ. 1911ರಲ್ಲಿ ಅಮೆರಿಕದಲ್ಲಿದ್ದ ಚಾರ್ಲ್ಸ್ ಜೇಮ್ಸ್ ಶುದ್ಧ ಥೂಲಿಯಂ ಪಡೆಯಲು ಸುಮಾರು 15,000 ಸಲ ಹರಳುಗಟ್ಟಿಸಿದರು. ಆ ತಾಳ್ಮೆಯನ್ನು ನೆನೆದಾಗಲೆಲ್ಲ ನನಗೆ ತಲೆ ಬಾಗುತ್ತದೆ.

ಇಂದಿನ ದಾರಿ ಎಣ್ಣೆ-ನೀರಿನದು. ಲೋಹಗಳು ಕರಗಿದ ಆ್ಯಸಿಡ್ ನೀರಿಗೆ ಸೀಮೆಎಣ್ಣೆಯಂಥ ದ್ರವ ಹಾಕಿ ಕಲಕುತ್ತಾರೆ. ಎಣ್ಣೆಯಲ್ಲಿ ಬೆರೆಸಿದ ಒಂದು ರಾಸಾಯನಿಕ ಕಿರಿದಾದ ಮನೆಯನ್ನು ತುಸು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ತುಸು ಮಾತ್ರ. ಒಂದು ತೊಟ್ಟಿಯಲ್ಲಿ ಆಗುವ ವ್ಯತ್ಯಾಸ ಲೆಕ್ಕಕ್ಕೂ ಬಾರದು. ಅದಕ್ಕೇ ನೂರಾರು ತೊಟ್ಟಿಗಳ ಸಾಲು, ಎಣ್ಣೆ ಒಂದು ಕಡೆಯಿಂದ, ನೀರು ಎದುರು ಕಡೆಯಿಂದ ಹಗಲಿರುಳು ಹರಿಯಬೇಕು. ಎಲ್ಲಿ ಎಷ್ಟು ಹುಳಿ, ಎಷ್ಟು ಬಿಸಿ ಎಂಬ ಹದ ಪುಸ್ತಕ ಓದಿ ಬರುವಂಥದ್ದಲ್ಲ. ನೂಲಿಗೆ ಬಣ್ಣ ಕಟ್ಟುವವನ ಹದ ತಪ್ಪದ ಕೈಯಂತೆ ವರ್ಷಗಟ್ಟಲೆ ಮಾಡಿಯೇ ಬರಬೇಕು. ಹಿಂದೆ ಉಳಿಯುವ ಆ್ಯಸಿಡ್ ಮತ್ತು ವಿಕಿರಣದ ಕೆಸರನ್ನು ಕಾಪಾಡುವ ಹೊಣೆಯೂ ಕೂಡಿಕೊಳ್ಳುತ್ತದೆ.

ಅರಳೆ ಕೊಟ್ಟು ಅರಿವೆ ಕೊಳ್ಳುವುದು

ಚೀನಾದ ಬಲ ಈ ತೊಟ್ಟಿಗಳ ಸಾಲಿನಲ್ಲಿದೆ. ಜಗತ್ತಿನ ನಿಕ್ಷೇಪದಲ್ಲಿ ಅದರದು ಹೆಚ್ಚುಕಡಿಮೆ ಅರ್ಧ, ಬೇರ್ಪಡಿಸುವ ಕೆಲಸದಲ್ಲಿ ಮಾತ್ರ ನೂರಕ್ಕೆ ತೊಂಬತ್ತರಷ್ಟು. ಕೆಸರಿನ ಹೊರೆಯನ್ನು ತನ್ನ ನೆಲದ ಮೇಲೆ ಹೊತ್ತು, ದಶಕಗಳ ಕಾಲ ಕೈ ಪಳಗಿಸಿಕೊಂಡದ್ದರ ಫಲ ಅದು. ಇದೇ ಚುಂಬಕ ಮಾಡುತ್ತಿದ್ದ ಅಮೆರಿಕದ ಮ್ಯಾಗ್ನೆಕ್ವೆಂಚ್ ಕಂಪನಿ 1995ರಲ್ಲಿ ಚೀನಾದ ಪಾಲುದಾರರಿದ್ದ ಗುಂಪಿಗೆ ಮಾರಾಟವಾಯಿತು. ಕೆಲವೇ ವರ್ಷಗಳಲ್ಲಿ ಅದರ ಯಂತ್ರಗಳು ಚೀನಾ ಸೇರಿದವು.

2010ರಲ್ಲಿ ಚೀನಾಕ್ಕೆ ಜಪಾನಿನೊಡನೆ ಕಡಲ ಗಡಿಯ ಜಗಳವಾದಾಗ ಅಲ್ಲಿಗೆ ಹೋಗುವ ವಿರಳ ಲೋಹಗಳ ಸಾಗಣೆ ಕುಂಠಿತವಾಯಿತು. 2025ರ ಏಪ್ರಿಲ್ 4ರಂದು ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ಲೋಹಗಳ ಮತ್ತು ಅವುಗಳ ಚುಂಬಕಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಕೆಲವೇ ವಾರಗಳಲ್ಲಿ ನಮ್ಮ ದೇಶದ ಬ್ಯಾಟರಿ ವಾಹನ ಕಾರ್ಖಾನೆಗಳು ಚುಂಬಕವಿಲ್ಲದೆ ಪರದಾಡಿದವು. ಕ್ಷಿಪಣಿಯ ರೆಕ್ಕೆ ತಿರುಗಿಸುವ ಸಣ್ಣ ಮೋಟಾರಿನಲ್ಲೂ, ಗೇರ್ ಪೆಟ್ಟಿಗೆಯಿಲ್ಲದ ದೊಡ್ಡ ಗಾಳಿಯಂತ್ರಗಳಲ್ಲೂ ಇರುವುದು ಇದೇ ಬಳಗದ ಚುಂಬಕಗಳಾದ್ದರಿಂದ ಇದು ಸ್ಕೂಟರಿಗೆ ನಿಲ್ಲುವ ಚಿಂತೆಯಲ್ಲ.

ನಮಗೆ ಈ ಆಟ ಹೊಸದೂ ಅಲ್ಲ. ಸ್ವಾತಂತ್ರ್ಯದ ಹೊತ್ತಿಗೇ ಮೊನಜೈಟ್ ರಫ್ತಿಗೆ ತಡೆ ಬಿದ್ದಿತ್ತು. 1951ರಲ್ಲಿ ದೇಶ ಹಸಿದಿದ್ದಾಗ ಅಮೆರಿಕದಿಂದ ಸಾಲದ ಗೋಧಿ ಕೇಳಿದೆವು. ಬದಲಿಗೆ ಮೊನಜೈಟ್ ಕೊಡಲಿ ಎಂಬ ಒತ್ತಾಯ ಅಲ್ಲಿನ ಸಂಸತ್ತಿನಲ್ಲಿ ಎದ್ದಿತು. ನೆಹರೂ ಸರ್ಕಾರ ತಡೆ ತೆಗೆಯಲಿಲ್ಲ. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು, 1952ರಲ್ಲಿ ಕೇರಳದ ಆಲುವಾದಲ್ಲಿ ಕಾರ್ಖಾನೆ ಶುರುವಾಯಿತು. ಚೀನಾ ಈ ದಾರಿಗೆ ಬರುವ ಎಷ್ಟೋ ಮೊದಲು ನಾವು ಅಲ್ಲಿದ್ದೆವು. ಆದರೆ ಅಂದು ನಮ್ಮ ಕಣ್ಣು ಥೋರಿಯಂ ಮೇಲಿತ್ತು, ನಾಳಿನ ಅಣುಶಕ್ತಿಯ ಇಂಧನವೆಂದು. ನಿಯೋಡಿಮಿಯಮ್ ಅದರ ಬದಿಯ ಸರಕು. ಚುಂಬಕ ಹುಟ್ಟಿದ ಮೇಲೂ ಆ ನೋಟ ಬೇಗ ಬದಲಾಗಲಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. 2012ರ ಒಪ್ಪಂದದಂತೆ ನಮ್ಮ ಉಸುಕಿನ ವಿರಳ ಲೋಹ ಜಪಾನಿಗೆ ಹೋಗುತ್ತಿತ್ತು, ಚುಂಬಕವನ್ನು ನಾವು ಚೀನಾದಿಂದ ಕೊಳ್ಳುತ್ತಿದ್ದೆವು. ಅರಳೆ ಮಾರಿ ಅರಿವೆ ಕೊಂಡರೆ ಏನಾಗುತ್ತದೆ ಎಂದು ರಬಕವಿಯ ನೇಕಾರರಿಗೆ ಯಾರೂ ವಿವರಿಸಬೇಕಿಲ್ಲ.

ಈಗ ಮಗ್ಗ ಹೂಡುವ ಮಾತು ನಡೆದಿದೆ. ವಿಶಾಖಪಟ್ಟಣದಲ್ಲಿ ಇದೇ ಬಳಗದ ಸಮೇರಿಯಂ ಬೆರೆತ ಸಮೇರಿಯಂ-ಕೋಬಾಲ್ಟ್ ಚುಂಬಕವನ್ನು ವರ್ಷಕ್ಕೆ 3,000 ಕೆಜಿ ಮಾಡುವ ಘಟಕ 2023ರಲ್ಲಿ ತೆರೆಯಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಚುಂಬಕ ತಯಾರಿಸುವ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಿಯೋಡಿಮಿಯಮ್ ನಮ್ಮ ಉಸುಕಿನಿಂದಲೇ ಬರಬಹುದು. ಡಿಸ್ಪ್ರೋಸಿಯಂ ಎಲ್ಲಿಂದ? ಅದು ಹೆಚ್ಚಾಗಿ ಸಿಗುವುದು ದಕ್ಷಿಣ ಚೀನಾ ಮತ್ತು ಮ್ಯಾನ್ಮಾರಿನ ಕಚಿನ್ ಗುಡ್ಡಗಳ ಜೇಡಿಮಣ್ಣಿನಲ್ಲಿ.

ಇದರ ಒಂದು ಸಣ್ಣ ಉತ್ತರ ಬನಹಟ್ಟಿಯ ಆ ಅಂಗಡಿಯಲ್ಲೇ ಇದೆ. ಸತ್ತ ಮೋಟಾರಿನ ಚುಂಬಕದಲ್ಲಿ ವಿರಳ ಲೋಹದ ಪಾಲು ನೂರಕ್ಕೆ ಸುಮಾರು ಮೂವತ್ತು. ಥೋರಿಯಂ ಇಲ್ಲ, ಬೇಡದ ಸೀರಿಯಂ ರಾಶಿ ಇಲ್ಲ. ಹದಿನೈದು ಮನೆಗಳನ್ನು ಬೇರ್ಪಡಿಸುವ ದೊಡ್ಡ ದುಡಿಮೆ ಆಗಲೇ ಮುಗಿದಿದೆ. ಹಳೆಯ ಸಾಮಾನಿನಿಂದ ಇಂಥ ಲೋಹ ಮರಳಿ ತೆಗೆಯುವವರಿಗೆ ನೆರವಾಗಲು 2025ರ ಸೆಪ್ಟೆಂಬರ್‌ನಲ್ಲಿ 1,500 ಕೋಟಿ ರೂಪಾಯಿಯ ಯೋಜನೆಯೂ ಬಂದಿದೆ. ನಾನು ಹೊರಡುವಾಗ ವೈಂಡಿಂಗ್ ಮಾಡುವವರನ್ನು ಕೇಳಿದೆ, ಒಡೆದ ಮ್ಯಾಗ್ನೆಟ್ ಏನು ಮಾಡುತ್ತೀರಿ? ಅವರು ಕಬ್ಬಿಣದ ಶಟರಿನ ಕಡೆ ಕೈ ತೋರಿಸಿದರು. ಅಲ್ಲಿ ಹತ್ತಿಪ್ಪತ್ತು ತುಂಡುಗಳು ಸಾಲಾಗಿ ಅಂಟಿದ್ದವು, ಒಂದೊಂದರ ಕೆಳಗೂ ಒಂದೊಂದು ಗಿರಾಕಿಯ ಚೀಟಿ.